ಅರ್ಧ ಡಾಕ್ಟರ ಅಕ್ಕನ ಸಂಕಟ

ಆಸ್ಪತ್ರೆಯ ನೆಲಮಹಡಿಯಲ್ಲಿ, ಔಷಧಿ ಕೊಡುವ ಕಿಟಕಿಯನ್ನು ದಾಟಿ ಎಡಕ್ಕೆ ತಿರುಗಿದರೆ ಸಿಗುವ ಕೋಣೆಯಲ್ಲಿ ಅವನು ಇಪ್ಪತ್ತಾರು ವರ್ಷದಿಂದ ಇಸಿಜಿ ತೆಗೆಯುತ್ತಿದ್ದ. ಒಂದು ಮಂಚ, ಒಂದು ಹಸಿರು ಪರದೆ, ಚಕ್ರದ ಮೇಜಿನ ಮೇಲೆ ಯಂತ್ರ. ಮಲಗಿದವರ ಎದೆಗೆ ತಣ್ಣನೆಯ ಜೆಲ್ ಸವರಿ, ಆರು ರಬ್ಬರ್ ಬಲ್ಬುಗಳನ್ನು ಒತ್ತಿ ಅಂಟಿಸಿ, ಕೈಕಾಲಿಗೆ ನಾಲ್ಕು ಕ್ಲಿಪ್ಪು ಹಾಕಿ, "ಕೈ ಸಡಿಲ ಬಿಡಿ, ಮಾತಾಡಬೇಡಿ, ನಿಮ್ಮ ಮನೆಯ ವಿಷಯ ಯಂತ್ರಕ್ಕೆ ಬೇಡ" ಎನ್ನುತ್ತಿದ್ದ. ಹೆದರಿ ಬಂದವರೂ ನಕ್ಕುಬಿಡುತ್ತಿದ್ದರು. ನಕ್ಕರೆ ಗೆರೆ ಮೂಡುವ ಕಾಗದದ ಪಟ್ಟಿ ಕೆಡುತ್ತದೆಂದು ಮತ್ತೆ ಅವನೇ ಗದರುತ್ತಿದ್ದ.

ಪಟ್ಟಿ ತೆಗೆದು ಡಾಕ್ಟರ ಕೈಗೆ ಕೊಡುವುದಷ್ಟೇ ಅವನ ಕೆಲಸ. ಓದುವುದು ಅವರ ಕೆಲಸ. ಆದರೆ ಇಪ್ಪತ್ತಾರು ವರ್ಷ ಒಲೆಯ ಮುಂದೆ ನಿಂತವನಿಗೆ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಗೊತ್ತಾಗದೆ ಇರುತ್ತದೆಯೇ? ಗೆರೆ ಎಲ್ಲಿ ಏರಬಾರದು, ಎಲ್ಲಿ ಇಳಿಯಬಾರದು ಎಂಬುದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಗೊತ್ತಿತ್ತು. ಬೀದಿಯವರು ಹಳೆಯ ಪಟ್ಟಿಗಳನ್ನು ಮಡಿಸಿಕೊಂಡು ಅವನ ಮನೆಗೇ ಬರುತ್ತಿದ್ದರು. ಅವನು ಅದನ್ನು ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, ಆಮೇಲೆ ಬಾಯಿ ಬಿಡುತ್ತಿದ್ದ. ಅರ್ಧ ಡಾಕ್ಟರು ಎಂದು ಹೆಸರಿಟ್ಟರು. ಮೊದಲು ತಮಾಷೆಗೆ, ಆಮೇಲೆ ಮರ್ಯಾದೆಗೆ. ವರ್ಷಗಳು ಕಳೆದಂತೆ ಆ ಹೆಸರಿನಲ್ಲಿ 'ಅರ್ಧ' ಎನ್ನುವುದು ಅವನ ಕಿವಿಗೆ ಬೀಳುವುದೇ ನಿಂತುಹೋಯಿತು.

ಅಕ್ಕ ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ತಾಯಿ ಸತ್ತಾಗ ಅವನಿಗೆ ಏಳು ವರ್ಷ. ಅವನ ತಲೆ ಬಾಚಿದವಳು, ಅಂಗಿ ಹೊಲಿದವಳು, ಮಗ್ಗಿ ತಪ್ಪಿದಾಗ ಕಿವಿ ಹಿಂಡಿದವಳು ಎಲ್ಲ ಅವಳೇ. ಅವಳನ್ನು ಮದುವೆಯಾದವನು ದರ್ಜಿ. ಮದುವೆಯಾದ ಮೇಲೆ ಅವಳೂ ದರ್ಜಿಯಾದಳು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಕೆಳಗೆ ಹೊಲಿಗೆಯ ಕೋಣೆ, ಮೇಲೆ ವಾಸ, ನಡುವೆ ಹದಿನೆಂಟು ಮೆಟ್ಟಿಲು. ಕೋಣೆಯಲ್ಲಿ ಎದುರುಬದುರಾಗಿ ಕಾಲಲ್ಲಿ ತುಳಿಯುವ ಎರಡು ಮೆಷಿನ್ನುಗಳು. ಗಂಡ ಹೆಂಡತಿ ಮೂವತ್ತನಾಲ್ಕು ವರ್ಷ ಅಲ್ಲಿ ಕೂತು ತುಳಿದರು, ಮೂವತ್ತನಾಲ್ಕು ವರ್ಷವೂ ಜಗಳವಾಡಿದರು. ಕತ್ತರಿ ಎಲ್ಲಿಟ್ಟೆ ಎಂದು ಜಗಳ, ಕಿಟಕಿ ಯಾಕೆ ಮುಚ್ಚಿದೆ ಎಂದು ಜಗಳ. ಇಬ್ಬರ ತುಟಿಯ ನಡುವೆಯೂ ಗುಂಡುಸೂಜಿ ಇದ್ದಾಗ ಮಾತ್ರ ಆ ಕೋಣೆ ತಣ್ಣಗಿರುತ್ತಿತ್ತು. ಮಕ್ಕಳಾಗಲಿಲ್ಲ. ಆ ಬಗ್ಗೆ ಜಗಳವಾಡಿದ್ದನ್ನು ಮಾತ್ರ ಯಾರೂ ಕೇಳಲಿಲ್ಲ.

ಭಾವ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟ. ಅಕ್ಕ ಅಳಲಿಲ್ಲ. ಜನ ಬಂದರು, ಕೂತರು, ಅವಳ ಮುಖವನ್ನೇ ನೋಡಿದರು. ಅವಳ ಕಣ್ಣು ಒಣಗಿಯೇ ಇತ್ತು. ಐದನೆಯ ದಿನ ಗಂಡ ಅರ್ಧಕ್ಕೆ ಬಿಟ್ಟಿದ್ದ ಪ್ಯಾಂಟನ್ನು ಎತ್ತಿಕೊಂಡು, ಅವನು ಹೊಲಿದಿದ್ದ ಹೊಲಿಗೆಯನ್ನು ಬಿಚ್ಚಿ, "ಸೊಂಟ ಅಳತೆ ತಪ್ಪು ಹಿಡಿದಿದ್ರು" ಎಂದು ಬೇರೆ ಹೊಲಿದು ಮುಗಿಸಿದಳು. ಕಲ್ಲೆದೆಯವಳು ಎಂದರು ಜನ. ಅರ್ಧ ಡಾಕ್ಟರೂ ಹೆಂಡತಿಯ ಹತ್ತಿರ, "ನಮ್ಮಕ್ಕನ ಕಣ್ಣಲ್ಲಿ ನೀರೇ ಇಲ್ಲ ನೋಡು" ಎಂದ. ಆ ಮಾತು ಹೇಗೋ ಅಕ್ಕನ ಕಿವಿಗೂ ಬಿತ್ತು. ಅವಳು ಅದನ್ನು ಮರೆಯಲಿಲ್ಲ.

ಎಂಟು ತಿಂಗಳ ಮೇಲೆ ಒಂದು ದಿನ ಅವಳೇ ಹೇಳಿದಳು: "ಮೆಷಿನ್ ತುಳೀತಾ ಕೂತ್ರೆ ಒಂಥರಾ ಸಂಕಟ ಆಗುತ್ತೆ ಕಣೋ."

"ನೋವಾ?"

"ನೋವಲ್ಲ. ಸಂಕಟ. ಇಲ್ಲಿ." ಮುಷ್ಟಿ ಕಟ್ಟಿ ಎದೆಯ ನಡುವೆ ಒತ್ತಿ ತೋರಿಸಿದಳು.

ನಮ್ಮ ಈ ಮಾತೇ ಹಾಗೆ. ಹೊಟ್ಟೆ ತೊಳಸಿದರೂ ಸಂಕಟ, ಒಡಹುಟ್ಟಿದವರು ಮಾತು ಬಿಟ್ಟರೂ ಸಂಕಟ. ಮೈಯದು ಯಾವುದು, ಮನಸ್ಸಿನದು ಯಾವುದು ಎಂದು ಹೇಳುವವರೂ ಬಿಡಿಸಿ ಹೇಳುವುದಿಲ್ಲ, ಕೇಳುವವರೂ ಬಿಡಿಸಿ ಕೇಳುವುದಿಲ್ಲ. ಬೇರೆ ಯಾರಾದರೂ ಆ ಮುಷ್ಟಿಯನ್ನು ತೋರಿಸಿದ್ದರೆ ಅವನು ಕೇಳಿಯೇ ಕೇಳುತ್ತಿದ್ದ. ಅಕ್ಕನನ್ನು ಮಾತ್ರ ಮರುದಿನ ಕೋಣೆಗೆ ಕರೆತಂದು, ಮಂಚದ ಮೇಲೆ ಮಲಗಿಸಿ, ತಾನೇ ಪಟ್ಟಿ ತೆಗೆದ. ಗೆರೆ ನೇರವಾಗಿ, ಚೊಕ್ಕಟವಾಗಿ, ಶಾಲೆಯ ಹುಡುಗಿಯ ಕೈಬರಹದಂತೆ ಬಂತು.

"ನೋಡಕ್ಕ, ಒಂದೂ ಏರುಪೇರಿಲ್ಲ. ಪಕ್ಕಾ ನಾರ್ಮಲ್. ಇದು ಹಾರ್ಟಿಂದಲ್ಲ. ಎದುರಿಗೆ ಭಾವನ ಮೆಷಿನ್ ಖಾಲಿ ಇದೆಯಲ್ಲ, ಅದನ್ನ ನೋಡ್ತಾ ತುಳೀತೀಯ. ಭಾವನ ನೆನಪು ಕಣಕ್ಕ ಅದು."

ಅವಳು ಮಂಚದ ಅಂಚಿನಲ್ಲಿ ಕೂತು ರವಿಕೆಯ ಗುಂಡಿ ಹಾಕಿಕೊಳ್ಳುತ್ತಿದ್ದವಳು ಕೈ ನಿಲ್ಲಿಸಿದಳು. "ಹೌದಾ? ಅವರ ನೆನಪಾ?"

"ಮತ್ತಿನ್ನೇನು? ಅಳದೆ ಒಳಗೇ ಇಟ್ಕೊಂಡಿದ್ದೀಯ. ಅದು ಹೀಗೆ ಬರುತ್ತೆ."

ಆಗ ಅವಳ ಕಣ್ಣು ತುಂಬಿತು. ಅವನಿಗೆ ತಾನು ದೊಡ್ಡ ಕಾಯಿಲೆಯನ್ನೇ ಕಂಡುಹಿಡಿದೆ ಎಂಬ ಹೆಮ್ಮೆಯಾಯಿತು. ಇದೇ ಮನುಷ್ಯ ದಿನಕ್ಕೆ ಹತ್ತು ಜನಕ್ಕೆ, "ಮಲಗಿದ್ದಾಗ ತೆಗೆದ ಪಟ್ಟಿ ಮಲಗಿದ್ದಾಗಿನ ಕಥೆ ಮಾತ್ರ ಹೇಳುತ್ತೆ, ಓಡಿಸಿ ನೋಡ್ಬೇಕು" ಎಂದು ಹೇಳಿ, ಟ್ರೆಡ್‌ಮಿಲ್ಲಿನ ಮೇಲೆ ಓಡಿಸುವ ಪಕ್ಕದ ಕೋಣೆಗೆ ಕಳಿಸುವವನು. ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳಿದ್ದಾರೆಯೇ?

ಸಂಕಟ ಹೆಚ್ಚಾಯಿತು. ತುಳಿಯಲು ಕೂತ ಕಾಲು ಗಂಟೆಗೆ ಬರುತ್ತಿದ್ದದ್ದು ಐದು ನಿಮಿಷಕ್ಕೆ ಬಂತು. ದವಡೆ ನೋಯಿತು, ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಒಂದು ದವಡೆ ಹಲ್ಲು ಕೀಳಿಸಿಕೊಂಡು ಬಂದಳು. ನೋವು ಹೋಗಲಿಲ್ಲ. ಕಣ್ಣೆದುರು ಇದ್ದರೆ ತಾನೇ ನೆನಪು ಕಾಡುವುದು ಎಂದು ತಮ್ಮನೂ ತಮ್ಮನ ಹೆಂಡತಿಯೂ ಸೇರಿ ಭಾವನ ಮೆಷಿನ್ನನ್ನು ಹೊಲಿಗೆ ಕಲಿಸುವ ಶಾಲೆಯೊಂದಕ್ಕೆ ಕೊಡಿಸಿದರು. ಅಕ್ಕ ಬೇಡವೆನ್ನಲಿಲ್ಲ. ಹಿಂದಿನ ದಿನ ಇಡೀ ಮಧ್ಯಾಹ್ನ ಕೂತು ಅದನ್ನು ಒರೆಸಿದಳು, ಪ್ರತಿ ತೂತಿಗೂ ಎಣ್ಣೆ ಬಿಟ್ಟಳು. ತಳ್ಳುಗಾಡಿಯಲ್ಲಿ ಅದು ಬೀದಿಯ ತಿರುವು ದಾಟುವವರೆಗೂ ಬಾಗಿಲಲ್ಲಿ ನಿಂತು ನೋಡಿದಳು. ಒಂದು ವಾರದ ಮೇಲೆ ಅವನು ಕೇಳಿದ, "ಈಗ ಹೇಗಿದೆ ಅಕ್ಕ?" ಅವಳು "ಪರವಾಗಿಲ್ಲ ಕಣೋ" ಎಂದಳು. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಹೀಗೆಯೇ ಒಂದು ವರ್ಷ ಕಳೆಯಿತು.

ಆ ವರ್ಷ ಆಸ್ಪತ್ರೆಗೆ ಹೃದಯದ ಹೊಸ ಡಾಕ್ಟರಮ್ಮ ಬಂದರು. ವಯಸ್ಸು ಚಿಕ್ಕದು, ಮಾತು ಕಡಿಮೆ, ಕೇಳುವುದು ಜಾಸ್ತಿ. ಒಂದು ಬೆಳಿಗ್ಗೆ ಅರ್ಧ ಡಾಕ್ಟರು ಒಬ್ಬ ಗಾರೆ ಮೇಸ್ತ್ರಿಯ ಪಟ್ಟಿ ತೆಗೆದು ಮುಗಿಸುವ ಹೊತ್ತಿಗೆ ಅವರೇ ಕೋಣೆಯೊಳಗೆ ಬಂದರು.

"ಎದೆ ನೋವಿದೆಯಾ?" ಎಂದು ಕೇಳಿದರು.

"ನೋವಿಲ್ಲಮ್ಮ. ಸಂಕಟ."

ಮೇಸ್ತ್ರಿಯ ಎದೆಯ ಜೆಲ್ ಒರೆಸುತ್ತಿದ್ದ ಅರ್ಧ ಡಾಕ್ಟರಿಗೆ ಇನ್ನು ಈತನ ಮನೆಯ ಪುರಾಣ ಶುರುವಾಯಿತು ಎನ್ನಿಸಿತು. ಡಾಕ್ಟರಮ್ಮ ಮಾತ್ರ ಕುರ್ಚಿ ಎಳೆದುಕೊಂಡು ಕೂತರು. "ಸಂಕಟ ಯಾವಾಗ ಬರುತ್ತೆ? ಏನು ಮಾಡ್ತಿರುವಾಗ?"

"ಇಟ್ಟಿಗೆ ಹೊತ್ಕೊಂಡು ಏಣಿ ಹತ್ತುವಾಗ."

"ನಿಂತ್ರೆ?"

"ನಿಂತ್ರೆ ಐದು ನಿಮಿಷಕ್ಕೆ ಹೋಗುತ್ತೆ. ಕೆಲವು ಸಲ ಹಲ್ಲಿನ ಬುಡಕ್ಕೂ ಹಿಡಿಯುತ್ತೆ."

ಮೇಸ್ತ್ರಿ ಮುಷ್ಟಿ ಕಟ್ಟಿ ಎದೆಯ ನಡುವೆ ಒತ್ತಿ ತೋರಿಸಿದ. ಡಾಕ್ಟರಮ್ಮ ಪಟ್ಟಿಯನ್ನು ನೋಡಿದರು. ಗೆರೆ ಚೊಕ್ಕಟವಾಗಿತ್ತು. ಅವರು ಅದನ್ನು ಪಕ್ಕಕ್ಕಿಟ್ಟು, "ಇದರಲ್ಲಿ ಏನೂ ಇಲ್ಲ. ಆದ್ರೆ ನೀವು ಹೇಳಿದ್ದರಲ್ಲಿ ಎಲ್ಲ ಇದೆ. ಹೃದಯಕ್ಕೆ ರಕ್ತ ಕೊಡೋ ನಾಳ ಎಲ್ಲೋ ಕಟ್ಟಿಕೊಂಡಿದೆ. ಇವತ್ತೇ ದಾಖಲಾಗಿ" ಎಂದರು.

ಅರ್ಧ ಡಾಕ್ಟರ ಕೈಯಲ್ಲಿದ್ದ ಹತ್ತಿ ಕೈಯಲ್ಲೇ ಉಳಿಯಿತು. ತುಳಿಯುವಾಗ ಬರುವುದು. ದವಡೆ ಹಲ್ಲು. ಅವನು ರಜೆಯನ್ನೂ ಕೇಳದೆ ಹಿಂದಿನ ಬೀದಿಗೆ ಓಡಿದ.

ಅಕ್ಕ ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತಿದ್ದಳು. ಅವನು ಏದುಸಿರಿನಲ್ಲೇ ಕೇಳಿದ: "ಮೆಟ್ಟಿಲು ಹತ್ತುವಾಗ್ಲೂ ಸಂಕಟ ಬರುತ್ತಾ?"

"ಬರುತ್ತೆ. ಒಂಬತ್ತನೇ ಮೆಟ್ಟಿಲಲ್ಲಿ ಕೂತ್ಕೋತೀನಿ."

"ಯಾವತ್ತಿಂದ?"

"ಮೊದಲಿಂದ್ಲೂ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ಇಟ್ಟಳು. ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿದಳು. "ಹೇಗೆ ಹೇಳ್ಲಿ? ಮೆಟ್ಟಿಲ ಮೇಲೆ ನಂಗೆ ಅವರ ನೆನಪೇ ಇರ್ತಿರ್ಲಿಲ್ಲ. ನಾಚಿಕೆ ಆಗ್ತಿತ್ತು."

ಮಾರನೆಯ ದಿನವೇ ಅವಳ ಮಣಿಕಟ್ಟಿನ ನಾಳದಿಂದ ಸಣ್ಣ ಕೊಳವೆ ತೂರಿಸಿ, ಬಣ್ಣದ ದ್ರವ ಬಿಟ್ಟು ಹೃದಯದ ಚಿತ್ರ ತೆಗೆದರು. ಗಾಜಿನ ಈಚೆ ನಿಂತ ಅವನನ್ನು ಡಾಕ್ಟರಮ್ಮ ಪರದೆಯ ಹತ್ತಿರ ಕರೆದರು. ಎಡಗಡೆಯ ಮುಖ್ಯ ನಾಳ ಬುಡದಲ್ಲೇ ದಾರದಷ್ಟು ಸಣ್ಣಗಾಗಿತ್ತು. ಉಳಿದ ಮೂರರಲ್ಲೂ ಅಲ್ಲಲ್ಲಿ ಕಟ್ಟು.

"ಇದಕ್ಕೆ ಸ್ಟೆಂಟ್ ಸಾಲೋದಿಲ್ಲ. ಎದೆ ತೆರೆದು ಬೈಪಾಸ್ ಮಾಡ್ಬೇಕು" ಎಂದರು. "ಇದು ನಿನ್ನೆ ಮೊನ್ನೆಯದಲ್ಲ. ಇವರು ಮೊದಲು ಯಾರಿಗೂ ಹೇಳಿರ್ಲಿಲ್ವಾ?"

ಸುಳ್ಳು ಹೇಳಬಹುದಿತ್ತು. ಅವನು ಹೇಳಲಿಲ್ಲ. "ನನಗೆ ಹೇಳಿದ್ರು ಮೇಡಂ. ನಾನೇ ಪಟ್ಟಿ ತೆಗೆದು ನಾರ್ಮಲ್ ಅಂದೆ" ಎಂದ. ಡಾಕ್ಟರಮ್ಮ ಅವನ ಮುಖವನ್ನು ಒಂದು ಕ್ಷಣ ನೋಡಿ ಪರದೆಯ ಕಡೆ ತಿರುಗಿದರು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಆಮೇಲೆ ಅಕ್ಕನ ಹಾಸಿಗೆಯ ಹತ್ತಿರ ಕೂತು ಅವಳಿಗೂ ಎಲ್ಲ ಹೇಳಿದ. ನಾಳ, ಕಟ್ಟು, ಆಪರೇಷನ್ನು. ತಾನು ಹೇಳಿದ್ದು ತಪ್ಪು, ತನ್ನ ಅವಿವೇಕ, ಕ್ಷಮಿಸು ಎಂದ. ಅವಳು ಮಣಿಕಟ್ಟಿಗೆ ಬಿಗಿದ ಬ್ಯಾಂಡೇಜನ್ನು ನೋಡುತ್ತಾ ಕೇಳಿಸಿಕೊಂಡಳು. ಆಪರೇಷನ್ನಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಹಾಗಾದ್ರೆ ಅದು ಅವರದ್ದಲ್ವಾ?"

"ಯಾವುದು?"

"ಸಂಕಟ."

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅವಳು ನಿಧಾನವಾಗಿ ಹೇಳಿದಳು. "ಅವರು ಸತ್ತಾಗ ನಂಗೆ ಅಳು ಬರ್ಲಿಲ್ಲ. ಬರ್ಲಿ ಅಂತ ಕಣ್ಣು ತಿಕ್ಕಿಕೊಂಡೆ, ಬರ್ಲಿಲ್ಲ. ನಾನೆಂಥ ಹೆಂಗಸು ಅಂತ ನಂಗೇ ಅಸಹ್ಯ ಆಗಿತ್ತು. ನೀನು ನೆನಪು ಅಂದ ಮೇಲೆ ಸಮಾಧಾನ ಆಯ್ತು ಕಣೋ. ಅವರು ಬಂದು ಎದೆ ಮೇಲೆ ಕೂತ ಹಾಗಿರ್ತಿತ್ತು. ಕೆಲಸ ಇಲ್ಲದಿದ್ರೂ ಬರ್ಲಿ ಅಂತ ಮೆಷಿನ್ ತುಳೀತಿದ್ದೆ. ಅವರ ಮೆಷಿನ್ ಕೊಟ್ಟಮೇಲೂ ಬಂತಲ್ಲ, ಆವತ್ತು ಎಷ್ಟು ಖುಷಿಯಾಯ್ತು ಗೊತ್ತಾ? ಮೆಷಿನ್ ಹೋದ್ರೂ ಅವರು ಹೋಗ್ಲಿಲ್ಲ ಅಂತ."

ಅವನು ಅವಳ ಕೈ ಹಿಡಿದುಕೊಂಡ.

ಅಷ್ಟರಲ್ಲಿ ನರ್ಸ್ ಬಂದು ಅವಳನ್ನು ಶೌಚಾಲಯಕ್ಕೆ ನಡೆಸಿಕೊಂಡು ಹೋದರು. ವಾಪಸು ಬರುವಾಗ ದಾರಿಯಲ್ಲೇ ಸಂಕಟ ಬಂತು. ನಾಲಿಗೆಯ ಅಡಿಗೆ ಚಿಕ್ಕ ಬಿಳಿ ಮಾತ್ರೆ ಇಟ್ಟರು. ಎರಡು ನಿಮಿಷ. ಅಕ್ಕನ ಹಣೆಯ ಗೆರೆಗಳು ಬಿಟ್ಟುಕೊಂಡವು, ಉಸಿರು ಸರಾಗವಾಯಿತು. ತಮ್ಮನಿಗೆ ಜೀವ ಬಂದಂತಾಯಿತು. "ನೋಡಿದ್ಯಾ ಅಕ್ಕ, ಹೇಗೆ ಹೋಯ್ತು!"

"ಹೋಯ್ತು" ಎಂದಳು ಅವಳು. ಮುಖ ಗೋಡೆಯ ಕಡೆ ತಿರುಗಿಸಿದಳು. "ಒಂದು ಮಾತ್ರೆಗೆ ಹೋಗೋದಾ!"

ಆಪರೇಷನ್ನಿಗೆ ಆರನೆಯ ದಿನ ನಿಗದಿಯಾಯಿತು. ಅಲ್ಲಿಯವರೆಗೆ ಆಸ್ಪತ್ರೆಯಲ್ಲೇ ಇರಬೇಕೆಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದರು. ಅಕ್ಕ ಒಪ್ಪಲಿಲ್ಲ. ಶಾಲೆಯೊಂದರ ಸಮವಸ್ತ್ರ ಒಪ್ಪಿಕೊಂಡಿದ್ದೇನೆ, ಗುಂಡಿ ಹಾಕಿ ಕೊಡುವುದಿದೆ, ಮಕ್ಕಳು ಬರಿಮೈಯಲ್ಲಿ ಹೋಗಬೇಕೇ ಎಂದು ಹಟ ಹಿಡಿದಳು. ತನ್ನದೇ ಜವಾಬ್ದಾರಿ ಎಂದು ಸಹಿ ಹಾಕಿ ಹೊರಟೇಬಿಟ್ಟಳು. ತಮ್ಮ ತನ್ನ ಮನೆಗೆ ಬಾ ಎಂದು ಗೋಗರೆದ, ಅದಕ್ಕೂ ಇಲ್ಲ. ಕೊನೆಗೆ ಅವನೇ ಮಹಡಿಯಿಂದ ಅವಳ ಹಾಸಿಗೆಯನ್ನು ಹೊಲಿಗೆಯ ಕೋಣೆಗೆ ಇಳಿಸಿದ. ಮೂರು ಹೊತ್ತೂ ಅವನ ಹೆಂಡತಿ ಊಟ ತಂದು ಕೊಟ್ಟು ಮಾತಾಡಿಸಿ ಹೋಗುವುದೆಂದಾಯಿತು. ಮಾತ್ರೆಯ ಸೀಸೆಯನ್ನು ದಿಂಬಿನ ಪಕ್ಕ ಇಟ್ಟ. ಹೋಗುವಾಗ ಮೆಷಿನ್ನಿನ ಚರ್ಮದ ಬೆಲ್ಟನ್ನು ಬಿಚ್ಚಿ ತನ್ನ ಜೇಬಿಗೆ ಹಾಕಿಕೊಂಡ.

"ಕಳ್ಳ" ಎಂದು ಅಕ್ಕ ನಕ್ಕಳು. "ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

"ಆಪರೇಷನ್ ಆಗ್ಲಿ, ಹೊಸ ಬೆಲ್ಟೇ ಹಾಕಿಸಿಕೊಡ್ತೀನಿ. ಮಾತ್ರೆ ತಗೋತೀಯ ತಾನೇ?"

"ತಗೋತೀನಿ ಹೋಗೋ, ಮಾರಾಯ."

ಆ ಐದು ದಿನ ಅವನು ಕೋಣೆಯಲ್ಲಿ ಯಾರನ್ನೂ ನಗಿಸಲಿಲ್ಲ. ಪ್ರತಿಯೊಬ್ಬರನ್ನೂ ಕೇಳಿದ: ಏನು ಮಾಡುವಾಗ ಬರುತ್ತೆ, ನಿಂತರೆ ಹೋಗುತ್ತಾ. ಸಾಲು ಹೊರಗಿನ ಬಾಗಿಲವರೆಗೂ ಬೆಳೆಯಿತು. ಜನ ಗೊಣಗಿದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಿಗ್ಗೆ ಸಂಜೆ ಅಕ್ಕನನ್ನು ನೋಡಿ ಬರುತ್ತಿದ್ದ. ಅವಳು ಗುಂಡಿ ಹಾಕುತ್ತಾ ಕೂತಿರುತ್ತಿದ್ದಳು. ಸಂಕಟ ಬಂತಾ ಎಂದರೆ ಇಲ್ಲ ಎನ್ನುತ್ತಿದ್ದಳು, ಅದನ್ನೂ ಒಂಥರಾ ಬೇಸರದಲ್ಲೇ ಹೇಳುತ್ತಿದ್ದಳು. ಒಂದೇ ಒಂದು ಸಲ, "ಈಗ ಎಷ್ಟು ಕೂತ್ರೂ ಬರೋದೇ ಇಲ್ಲ ಕಣೋ. ಕೋಣೆಯೆಲ್ಲ ಖಾಲಿ ಅನ್ಸುತ್ತೆ" ಎಂದಳು. ಒಳ್ಳೆಯದೇ ಆಯಿತಲ್ಲ ಎಂದು ಅವನು ಅವಳ ತಲೆ ಸವರಿದ. ಆಗಲೂ ಬಿಡಿಸಿ ಕೇಳಲಿಲ್ಲ.

ಐದನೆಯ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಊಟ ತಂದ ಹೆಂಡತಿ ಬಾಗಿಲಲ್ಲೇ ಕಿರುಚಿಕೊಂಡಳು. ಅವನು ಆಸ್ಪತ್ರೆಯಿಂದ ಓಡಿ ಬರುವ ಹೊತ್ತಿಗೆ ಎದುರು ಅಂಗಡಿಯ ಗುಂಡಿ ಮಾರುವ ಹೆಂಗಸು ಅಕ್ಕನನ್ನು ಚಾಪೆಯ ಮೇಲೆ ಮಲಗಿಸಿದ್ದಳು. ಮೆಷಿನ್ನಿನ ಮೇಲೆ ತಲೆಯಿಟ್ಟು ಮಲಗಿದ ಹಾಗೇ ಇದ್ದಳಂತೆ. ಅವನು ಮೂಗಿನ ಹತ್ತಿರ ಬೆರಳು ಹಿಡಿದ, ಕುತ್ತಿಗೆ ಮುಟ್ಟಿ ನೋಡಿದ, ಎದೆ ಒತ್ತಿದ. ಎದೆ ಒತ್ತುತ್ತಲೇ ಇದ್ದವನನ್ನು ಹೆಂಡತಿಯೇ ಹಿಡಿದು ಎಬ್ಬಿಸಬೇಕಾಯಿತು.

ಎದ್ದವನು ಮೆಷಿನ್ನನ್ನು ನೋಡಿದ. ಬೆಲ್ಟಿನ ಜಾಗದಲ್ಲಿ ಲಂಗದ ಲಾಡಿಗಳನ್ನು ಮೂರೆಳೆ ಹೆಣೆದು ಬಿಗಿಯಾಗಿ ಕಟ್ಟಿದ್ದಳು. ಸಮವಸ್ತ್ರಗಳೆಲ್ಲ ಗುಂಡಿ ಹಾಕಿ, ಮಡಿಸಿ, ಹತ್ತು ಹತ್ತರ ಕಟ್ಟು ಮಾಡಿ ಗೋಡೆಗೆ ಜೋಡಿಸಿದ್ದವು. ಒಂದೂ ಬಾಕಿ ಇರಲಿಲ್ಲ. ಸೂಜಿಗೆ ದಾರವಿರಲಿಲ್ಲ. ಸೂಜಿಯ ಅಡಿಯಲ್ಲಿ ಬಟ್ಟೆಯೂ ಇರಲಿಲ್ಲ. ಬರೀ ಮೆಷಿನ್ನನ್ನು ತುಳಿದಿದ್ದಳು. ಸೀಸೆ ದಿಂಬಿನ ಪಕ್ಕದಲ್ಲೇ ಇತ್ತು, ಮುಚ್ಚಳದ ಸೀಲು ಒಡೆದಿರಲಿಲ್ಲ.

ಸಂಜೆಯ ಹೊತ್ತಿಗೆ ಬೀದಿ ತುಂಬ ಜನ. ಕುರ್ಚಿಗಳು ಸಾಲದೆ ಮೆಟ್ಟಿಲ ಮೇಲೂ ಕೂತರು. ಕಲ್ಲೆದೆಯವಳು ಎಂದಿದ್ದವರೇ ಈಗ ಕಣ್ಣೊರೆಸಿಕೊಳ್ಳುತ್ತಾ, "ಗಂಡನ ಕೊರಗಲ್ಲೇ ಹೋದ್ಳು ಪುಣ್ಯಾತ್ಗಿತ್ತಿ. ಎಷ್ಟು ಹಚ್ಕೊಂಡಿದ್ಳು ಅಂತ ನಮಗೆ ಗೊತ್ತೇ ಆಗ್ಲಿಲ್ಲ" ಎಂದು ಮಾತಾಡಿಕೊಂಡರು. ಗುಂಡಿ ಮಾರುವ ಹೆಂಗಸು ಅವನ ಕಡೆ ತಿರುಗಿ, "ಅಲ್ವಾ ಡಾಕ್ಟ್ರೇ? ನೀವೇ ಹೇಳಿದ್ರಲ್ಲ ಅವತ್ತು ಮೆಷಿನ್ ಸಾಗಿಸೋವಾಗ, ನೆನಪಿಂದ ಅಂತ" ಎಂದಳು.

"ಅಲ್ಲ" ಎಂದ ಅವನು. ದನಿ ಜೋರಾಗಿಯೇ ಬಂತು. "ಹೃದಯದ ನಾಳ ಕಟ್ಟಿತ್ತು. ಒಂದು ವರ್ಷದ ಮೇಲಿಂದ ಕಟ್ಟಿತ್ತು. ಅವಳು ಮುಷ್ಟಿ ಕಟ್ಟಿ ತೋರಿಸಿದ್ಳು. ನಾನು ಕೇಳ್ಲಿಲ್ಲ. ಕೇಳಿದ್ದಿದ್ರೆ ಬದುಕಿರ್ತಿದ್ಳು. ನಾನೇ ಕೊಂದೆ." ಜೇಬಿನಿಂದ ಆಸ್ಪತ್ರೆಯ ವರದಿಯ ಕಾಗದ ತೆಗೆದು, ಬಿಡಿಸಿ, ಎಲ್ಲರಿಗೂ ಕಾಣುವಂತೆ ಹಿಡಿದ. ಅವರು ಹೇಳಿದ ಮಾತು ಪೂರ್ತಿ ಸುಳ್ಳೂ ಅಲ್ಲ ಎಂದು ಅವನಿಗೊಬ್ಬನಿಗೇ ಗೊತ್ತಿತ್ತು, ಅದೇ ಅವನನ್ನು ಒಳಗೊಳಗೇ ಇರಿಯುತ್ತಿತ್ತು.

ಯಾರೂ ಕಾಗದವನ್ನು ನೋಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನಿಂದ ಯಾರೋ, "ಪಾಪ, ತಾಯಿ ಹಾಗೆ ಸಾಕಿದ್ಳು. ದುಃಖದಲ್ಲಿ ಏನೇನೋ ಮಾತಾಡ್ತಿದ್ದಾರೆ" ಎಂದರು. ಗುಂಡಿ ಮಾರುವ ಹೆಂಗಸು ಎದ್ದು ಬಂದು, ಅವನ ಕೈಯಿಂದ ಕಾಗದವನ್ನು ಮೆಲ್ಲಗೆ ಬಿಡಿಸಿಕೊಂಡು, ಮಡಿಸಿ, ಮತ್ತೆ ಅವನ ಜೇಬಿಗೇ ಹಾಕಿದಳು. ಒಂದು ಲೋಟ ನೀರು ತಂದು ಬಾಯಿಗೆ ಹಿಡಿದಳು. "ಅತ್ತುಬಿಡಿ ಡಾಕ್ಟ್ರೇ, ಒಳಗೆ ಇಟ್ಕೋಬೇಡಿ" ಎಂದಳು. ಅವನು ಅವಳ ಮುಖ ನೋಡಿದ. ಆಮೇಲೆ ನೀರು ಕುಡಿದ.